ಎಲ್ಬಿಯಾಳ ಫ್ಲಾಸ್ಕು ಮುಗಿಯುವವರೆಗೆ

ಈಗ ಮೊಂತೆವಿದೆಯೊದ ವೈದ್ಯಕೀಯ ಕಾಲೇಜಿನ ಹಳೆಯ ಕಟ್ಟಡದ ಮೂರನೇ ಮಹಡಿಗೆ ಹೋದರೆ, ಸೆಮಿನಾರ್ ಹಾಲಿನ ಗೋಡೆಯ ಮೇಲೆ ಕೆಂಪು ಅಂಕಿಗಳ ಗಡಿಯಾರವೊಂದು ಕೂತಿದೆ. ಮಾತಾಡುವವರ ಹೊತ್ತು ಮುಗಿಯುತ್ತಾ ಬಂದಂತೆ ಅದು ಮಿಣಮಿಣ ಮಿನುಗುತ್ತದೆ, ಆಮೇಲೆ ಕುಂಯ್ ಎಂದು ಕಿರುಚುತ್ತದೆ. ಪಾಪ, ಸಂಶೋಧನೆಯ ಹುಡುಗರು ಕೊನೆಯ ಚಿತ್ರಗಳನ್ನು ಗಡಿಬಿಡಿಯಲ್ಲಿ ದಾಟಿಸಿ, ಬೆವರೊರೆಸಿಕೊಂಡು ಕೆಳಗಿಳಿಯುತ್ತಾರೆ. ಇದಕ್ಕೆ ಶಿಸ್ತು ಅನ್ನುತ್ತಾರಂತೆ. ಅನ್ನಲಿ. ಆ ಹಾಲಿನಲ್ಲಿ ಗಡಿಯಾರವೇ ಇಲ್ಲದ ಕಾಲವೊಂದಿತ್ತು. ಆಗ ಹೊತ್ತು ಅಳೆಯುತ್ತಿದ್ದದ್ದು ಎಲ್ಬಿಯಾ ಪಿಂತೋಸ್ ಎಂಬ ಹೆಂಗಸಿನ ಫ್ಲಾಸ್ಕು. ಆ ಫ್ಲಾಸ್ಕು ಈಗ ರೆದುಕ್ತೊ ಬಡಾವಣೆಯ ಅವಳ ಪುಟ್ಟ ಮನೆಯ ಕಿಟಕಿಯಲ್ಲಿದೆ. ಗುರುವಾರ ಬಂತೆಂದರೆ ಅವಳ ಕೈ ತಾನಾಗಿಯೇ ಅದರ ಕಡೆ ಹೋಗುತ್ತದೆ.

ಎಲ್ಬಿಯಾ ಡಾಕ್ಟರೂ ಅಲ್ಲ, ಮೇಷ್ಟರೂ ಅಲ್ಲ. ಅಂಗಾಂಶ ಪ್ರಯೋಗಾಲಯದಲ್ಲಿ ಗಾಜು ತೊಳೆಯುವುದು, ಮೇಣದಲ್ಲಿ ಹುದುಗಿಸಿದ ಪಿತ್ತಕೋಶ, ಮೂತ್ರಪಿಂಡಗಳ ಚೂರುಗಳನ್ನು ತೆಳ್ಳಗೆ ಹೆರೆಯುವುದು, ಅವಕ್ಕೆ ನೇರಳೆ ಬಣ್ಣ ಹಿಡಿಸುವುದು ಅವಳ ಕೆಲಸ. ಬೆರಳಿನ ಸಂದಿಯಲ್ಲಿ ಆ ಬಣ್ಣ ಸದಾ ಇರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಉತ್ತರದ ದನಗಾಹಿಗಳ ಸೀಮೆಯಾದ ತಾಕ್ವಾರೆಂಬೊದಿಂದ ತಾಯಿಯನ್ನು ಕರೆದುಕೊಂಡು ಈ ಊರಿಗೆ ಬಂದವಳು, ಇಲ್ಲೇ ಕೂದಲು ಹಣ್ಣಾಗಿಸಿಕೊಂಡಳು. ಅಂಥ ಕೆಲಸದವರು ಗುರುವಾರದ ಸೆಮಿನಾರಿಗೆ ಬರುವ ಪದ್ಧತಿ ಇರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿದ್ದಿಲ್ಲ, ಆದರೆ ಅವರಿಗೊಂದು ಕುರ್ಚಿಯನ್ನೂ ಯಾರೂ ಹಾಕಿದ್ದಿಲ್ಲ.

ಕುರ್ಚಿ ಹಾಕಿಸಿದ್ದು ಪ್ರೊಫೆಸರ್ ಬಸೀಲಿಯೊ ಇರುರೆತಾ, ವಿಭಾಗದ ಮುಖ್ಯಸ್ಥರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಮನುಷ್ಯ. ಹಾಲಿನ ಹಳೆಯ ಗಡಿಯಾರವನ್ನು ಕಿತ್ತು ಕಸಕ್ಕೆ ಹಾಕಿದವರೂ ಅವರೇ. "ಮಾತಾಡೋನ ಮುಖ ನೋಡ್ರೋ ಅಂದ್ರೆ ಗೋಡೆ ನೋಡ್ತಾ ಕೂತ್ಕೋತಾರೆ, ಬಸ್ಸಿಗೆ ಕಾಯೋರ ಥರ" ಅನ್ನುತ್ತಿದ್ದರು. ಒಂದು ಚಳಿಗಾಲದ ಗುರುವಾರ, ಹಾಲಿನಲ್ಲಿ ಎಲ್ಲರಿಗೂ ಮಾಟೆ ಹಾಕಿಕೊಡುತ್ತಿದ್ದ ಗುಮಾಸ್ತ ಜ್ವರ ಬಂದು ಮಲಗಿದ. ಇರುರೆತಾ ಪ್ರಯೋಗಾಲಯದ ಬಾಗಿಲಲ್ಲಿ ತಲೆ ಇಣುಕಿಸಿದರು.

"ಎಲ್ಬಿಟಾ, ನಿನ್ನ ಕೈ ನಡುಗಲ್ಲ ತಾನೆ?"

"ನಡುಗೋ ಕೈ ಇಟ್ಕೊಂಡು ನಿಮ್ಮ ಮೂತ್ರಪಿಂಡ ಹೆರೆಯೋಕಾಗುತ್ತಾ ಪ್ರೊಫೆ?"

"ಸರಿ ಹಾಗಾದ್ರೆ, ಬಾ. ನೀರು ಕುದಿಸಬೇಡ, ಕುದಿಯೋಕೆ ಮುಂಚೆ ಇಳಿಸು. ಮಾಟೆ ಕೆಡಿಸಿದ್ರೆ ನಿನ್ನನ್ನ ವಾಪಸ್ ದನ ಕಾಯೋಕೆ ಕಳಿಸ್ತೀನಿ."

ಹೀಗೆ ಶುರುವಾಯಿತು. ಸೋರೆಯ ಪುಟ್ಟ ಬುರುಡೆಯಲ್ಲಿ ಯೆರ್ಬ ಸೊಪ್ಪಿನ ಪುಡಿ, ಮೇಲೆ ಬಿಸಿನೀರು, ಹೀರುವುದಕ್ಕೆ ಒಂದು ಬೆಳ್ಳಿಯ ಕೊಳವೆ, ಅಷ್ಟೇ ಮಾಟೆ. ಒಂದೇ ಬುರುಡೆ, ಒಂದೇ ಕೊಳವೆ, ಹಾಲಿನಲ್ಲಿದ್ದಷ್ಟು ಬಾಯಿ. ಹಾಕಿಕೊಡುವವರೇ ಮೊದಲನೆಯದನ್ನು ಕುಡಿಯಬೇಕು, ಯಾಕೆಂದರೆ ಅದು ಎಲ್ಲಕ್ಕಿಂತ ಕಹಿ, ಪುಡಿಪುಡಿ, ಯಾರಿಗೂ ಕೊಡುವಂಥದ್ದಲ್ಲ. ಆಮೇಲೆ ಬುರುಡೆ ಒಬ್ಬೊಬ್ಬರ ಕೈಗೆ ಹೋಗುತ್ತದೆ, ಗೊರಗೊರ ಸದ್ದಾಗುವ ತನಕ ಹೀರಿ ಅವರು ವಾಪಸು ಕೊಡುತ್ತಾರೆ, ಮತ್ತೆ ನೀರು, ಮತ್ತೊಬ್ಬರು. ಕೊಳವೆಯನ್ನು ಮಾತ್ರ ಯಾರೂ ಒರೆಸುವ ಹಾಗಿಲ್ಲ. ಒರೆಸಿದರೆ ಹಿಂದಿನವನ ಮುಖಕ್ಕೆ ಉಗಿದ ಹಾಗೆ. ಸ್ನೇಹ ಇದ್ದಲ್ಲಿ ಎಂಜಲು ಎಲ್ಲಿಂದ ಬಂತು?

ಎಲ್ಬಿಯಾಳ ಫ್ಲಾಸ್ಕು ದೊಡ್ಡದು. ಅದರಲ್ಲಿ ನೀರಿರುವವರೆಗೆ ಮಾತು, ನೀರು ಮುಗಿದು ಅವಳು ಮುಚ್ಚಳ ತಿರುಗಿಸಿದಳೆಂದರೆ ಮಾತು ಮುಗಿಯಿತು, ಇನ್ನು ಪ್ರಶ್ನೆಗಳು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ತಾನಾಗಿ ಬಂದದ್ದು. ಅವಳು ಪ್ರೊಜೆಕ್ಟರಿನ ಪಕ್ಕದ ಮರದ ಕುರ್ಚಿಯಲ್ಲಿ ಕೂರುತ್ತಿದ್ದಳು. ಹೇಳುತ್ತಿದ್ದದ್ದರಲ್ಲಿ ಮುಕ್ಕಾಲು ಪಾಲು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅದರ ಬಗ್ಗೆ ಬೇಜಾರೂ ಇರಲಿಲ್ಲ. ಆದರೆ ಮಾತಾಡುವವರ ಮುಖ ಅರ್ಥವಾಗುತ್ತಿತ್ತು. ಹೆದರಿದ ಹುಡುಗನಿದ್ದರೆ ನಿಧಾನವಾಗಿ, ಅರ್ಧರ್ಧ ಬುರುಡೆ ಸುರಿಯುತ್ತಿದ್ದಳು. ಕೊರೆಯುವವರಿದ್ದರೆ ಅಂಚಿನ ತನಕ ತುಂಬಿ ಸರಸರ ಓಡಿಸುತ್ತಿದ್ದಳು. ಶರೀರಕ್ರಿಯೆ ಕಲಿಸುವ ದಾರ್ದೊ ಮೊರೇರಾ ಮಾತಿಗೆ ನಿಂತರೆ ಊರು ಮರೆಯುವ ಆಸಾಮಿ. ಅವನು ಒಮ್ಮೆ ಕಪ್ಪೆಯ ಹೃದಯದ ಪೀಠಿಕೆಯಲ್ಲೇ ಇದ್ದಾಗ ಫ್ಲಾಸ್ಕು ಖಾಲಿಯಾಯಿತು.

"ಏನ್ ತಾಯಿ ಇದು ಅನ್ಯಾಯ? ಫ್ಲಾಸ್ಕಿಗೆ ತೂತು ಬಿದ್ದಿದ್ಯಾ?" ಎಂದು ಅವನು ಕೂಗಿದ.

"ಫ್ಲಾಸ್ಕು ನೆಟ್ಟಗಿದೆ ದಾರ್ದೊ. ಕಪ್ಪೆ ಪಾಪ ಆಗ್ಲೇ ಸತ್ತು ಹೋಯ್ತು, ನೀನು ಕೂತ್ಕೋ."

ಇಡೀ ಹಾಲು ಬಿದ್ದು ಬಿದ್ದು ನಕ್ಕಿತ್ತು. ದಾರ್ದೊನೂ ನಕ್ಕಿದ್ದ. ಆ ಕಾಲದಲ್ಲಿ ಜನಕ್ಕೆ ನಗುವುದಕ್ಕೆ ಪುರುಸೊತ್ತಿತ್ತು. ಚಿತ್ರ ಬದಲಾಯಿಸುವಾಗ ಪ್ರೊಜೆಕ್ಟರಿನ ಕಟಕ್ ಸದ್ದು, ಕೋಟುಗಳಿಂದ ಬರುವ ಫಾರ್ಮಾಲಿನ್ ವಾಸನೆ, ಯಾರೋ ಬೇಕರಿಯಿಂದ ಕಟ್ಟಿಸಿಕೊಂಡು ಬಂದ ಬಿಸ್ಕೋಚೊಗಳ ಬೆಣ್ಣೆ ಹತ್ತಿದ ಕಾಗದ, ಕಿಟಕಿಯ ಗಾಜಿಗೆ ಅಪ್ಪಳಿಸುವ ನದಿಯ ಗಾಳಿ. ತಾಯಿ ತೀರಿಕೊಂಡ ಮೇಲೆ ಎಲ್ಬಿಯಾಳಿಗೆ ಮನೆಯೆಂದರೆ ಎರಡು ಗೋಡೆ, ಒಂದು ರೇಡಿಯೋ. ವಾರದಲ್ಲಿ ಒಂದು ದಿನ, ಆ ಮರದ ಕುರ್ಚಿಯಲ್ಲಿ ಕೂತಾಗ, ತಾನು ಇಷ್ಟು ಜನರ ನಡುವಿನವಳು ಎಂದು ಅವಳಿಗೆ ಅನಿಸುತ್ತಿತ್ತು. ಅದೊಂದು ಹೋದರೆ ತನಗೆ ಬೇರೇನೂ ಇಲ್ಲ ಎಂಬುದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೈತೆ ಕಬ್ರಾಲ್ ಎಂಬ ಹುಡುಗಿ ಮೊದಲ ಸಲ ಮಾತಾಡಿದ್ದು ಇದೇ ಹಾಲಿನಲ್ಲಿ. ಬಾಯಿಯ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತಿದ್ದವಳು. ಹೆದರಿಕೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿ, "ಇಷ್ಟೇ, ಮುಗೀತು" ಎಂದು ನಿಂತುಬಿಟ್ಟಳು. ಬುರುಡೆ ಇನ್ನೂ ಮೊದಲ ಸಾಲನ್ನೂ ದಾಟಿರಲಿಲ್ಲ. ಇರುರೆತಾರ ಹುಬ್ಬು ಮೇಲೇರತೊಡಗಿತ್ತು. ಎಲ್ಬಿಯಾ ಎದ್ದು ಹೋಗಿ ಹುಡುಗಿಯ ಕೈಗೆ ಬುರುಡೆ ಕೊಟ್ಟು, ಕಿವಿಯಲ್ಲಿ ಹೇಳಿದಳು:

"ಕುಡಿ. ಕುಡಿದು ಮತ್ತೆ ಮೊದಲಿಂದ ಹೇಳು, ನಿಮ್ಮಜ್ಜಿಗೆ ಹೇಳೋ ಹಾಗೆ. ಫ್ಲಾಸ್ಕ್ ತುಂಬಾ ನೀರಿದೆ ಕಣೇ, ಯಾರೂ ಎಲ್ಲೂ ಹೋಗಲ್ಲ."

ಹುಡುಗಿ ಕುಡಿದಳು, ಮತ್ತೆ ಮೊದಲಿಂದ ಹೇಳಿದಳು. ಈ ಸಲ ಜನ ಮುಂದಕ್ಕೆ ಬಾಗಿ ಕೇಳಿದರು. ಅವತ್ತಿನಿಂದ ಮೈತೆ ಎಲ್ಬಿಯಾಳ ಪಾಲಾದಳು. ಮಳೆ ಬಂದ ದಿನ ಗಾಜು ತೊಳೆಯುವ ಕೋಣೆಯಲ್ಲಿ ಇಬ್ಬರೂ ಕೂತು, ಎಲ್ಬಿಯಾ ಮನೆಯಿಂದ ಕರಿದು ತಂದ ತೋರ್ತಾ ಫ್ರಿತಾಗಳನ್ನು ಸಕ್ಕರೆ ಉದುರಿಸಿಕೊಂಡು ತಿನ್ನುತ್ತಿದ್ದರು. "ನಿನ್ನ ಮದುವೆಗೆ ನಾನೇ ಮಾಟೆ ಹಾಕೋಳು" ಎಂದು ಎಲ್ಬಿಯಾ ಹೇಳಿದರೆ, "ಮೊದಲು ಗಂಡು ಹುಡುಕಿಕೊಡಿ ದೊನ್ಯಾ ಎಲ್ಬಿಯಾ, ಆಮೇಲೆ ಮಾಟೆ" ಎಂದು ಹುಡುಗಿ ನಗುತ್ತಿದ್ದಳು.

ವರ್ಷಗಳು ಕಳೆದವು. ಇರುರೆತಾ ನಿವೃತ್ತರಾದರೂ ಗುರುವಾರ ತಪ್ಪಿಸುತ್ತಿರಲಿಲ್ಲ. ಮೈತೆ ಡಾಕ್ಟರೇಟು ಮುಗಿಸಿ ಅದೇ ವಿಭಾಗದಲ್ಲಿ ಮೇಷ್ಟ್ರಾದಳು. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಅವಳು ಒಂದು ಕಾರ್ಯಾಗಾರ ನಡೆಸಿದಳು. ದಿನನಿತ್ಯ ಮುಟ್ಟುವ ಯಾವುದಾದರೊಂದು ವಸ್ತುವಿನ ಮೇಲೆ ಹತ್ತಿಕಡ್ಡಿ ಆಡಿಸಿ ತರಬೇಕು, ಕಡ್ಡಿಗೆ ಹತ್ತಿದ ಸೂಕ್ಷ್ಮಜೀವಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬೇಕು, ಬೆಳೆದದ್ದನ್ನು ಗುರುವಾರ ಎಲ್ಲರೆದುರು ತೋರಿಸಬೇಕು.

"ಯಾವ ನಂಬರು ಯಾವ ವಸ್ತು ಅಂತ ನನಗೂ ಹೇಳ್ಬೇಡಿ. ಗೊತ್ತಿದ್ರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ" ಎಂದು ಅವಳು ವಿದ್ಯಾರ್ಥಿಗಳಿಗೆ ತಾಕೀತು ಮಾಡಿದ್ದಳು. ಇರುರೆತಾ ಕಲಿಸಿದ ಪಾಠ ಅದು, ಆ ವಿಭಾಗದವರಿಗೆಲ್ಲ ರಕ್ತಗತ. ಆದ್ದರಿಂದ ಅವತ್ತು ಪರದೆಯ ಪಕ್ಕದಲ್ಲಿ ನಿಂತಾಗ ಮೈತೆಗೂ ಏನೂ ಗೊತ್ತಿರಲಿಲ್ಲ.

ತಟ್ಟೆಗಳ ಚಿತ್ರ ಒಂದೊಂದಾಗಿ ಬಂತು. ಬಸ್ಸಿನ ಕಂಬಿ, ಲಿಫ್ಟಿನ ಗುಂಡಿ, ಟೆಲಿಫೋನು. ನಂಬರು ಕರೆದಂತೆ ತಂದವರು ಎದ್ದು ನಿಂತು ಹೇಳುತ್ತಿದ್ದರು, ಹಾಲು ನಗುತ್ತಿತ್ತು. ಏಳನೆಯ ತಟ್ಟೆ ಬಂದಾಗ ಎಲ್ಲರೂ 'ಅಬ್ಬಾ' ಎಂದರು. ಇಡೀ ತಟ್ಟೆ ಒತ್ತಾಗಿ, ಎಡೆಯಿಲ್ಲದೆ ಬೆಳೆದಿತ್ತು.

"ಇದು ಗಂಡಸರ ಕಕ್ಕಸಿನ ಚಿಲಕ, ಬೆಟ್ ಕಟ್ತೀನಿ" ಎಂದ ದಾರ್ದೊ.

"ಏಳು ಯಾರದ್ದು?" ಮೈತೆ ನಗುತ್ತಲೇ ಕೇಳಿದಳು.

ಹಿಂದಿನ ಸಾಲಿನಲ್ಲಿ ಉದ್ದನೆಯ ಹುಡುಗನೊಬ್ಬ ಎದ್ದ. ಎದ್ದವನು ಕೆಳಗೆ ನೋಡಿದ. "ನಂದು ದೊತೋರಾ... ಅದು... ತೊಳೆಯೋ ಕೋಣೇಲಿ ಇತ್ತಲ್ಲ... ದೊನ್ಯಾ ಎಲ್ಬಿಯಾ ಅವರ ಮಾಟೆ ಕೊಳವೆ."

ನಗು ಅಲ್ಲೇ ತುಂಡಾಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಅಲ್ಲಿ ಕೂತಿದ್ದವರೆಲ್ಲ ದಿನಕ್ಕೆ ಹತ್ತಾರು ಸಲ ಕೈ ತೊಳೆಯುವವರು, ಪೆನ್ನಿನ ತುದಿ ಕಚ್ಚಿದ ವಿದ್ಯಾರ್ಥಿಯನ್ನು ಹೊರಗೆ ಕಳಿಸುವವರು, ಎಂಜಲಿನಿಂದ ಹರಡುವ ರೋಗಗಳ ಮೇಲೆ ಪ್ರಬಂಧ ಬರೆದವರು. ಅವರು ಆ ಪ್ರಬಂಧಗಳನ್ನು ಓದಿದ್ದೂ ಇದೇ ಕೊಳವೆ ಹೀರುತ್ತಲೇ. ಇಷ್ಟು ವರ್ಷ ಒಬ್ಬರಿಗೂ ಹೊಳೆದಿರಲಿಲ್ಲ. ಮಾಟೆ ಅವರಿಗೆ ಪರೀಕ್ಷಿಸಿ ನೋಡುವ ವಸ್ತುವೇ ಆಗಿರಲಿಲ್ಲ.

ಆ ಹೊತ್ತಿಗೆ ಬುರುಡೆ ಇರುರೆತಾರ ಕೈಯಲ್ಲಿತ್ತು. ಅವರು ಪರದೆ ನೋಡಿದರು, ಬುರುಡೆ ನೋಡಿದರು, ಗೊರಗೊರ ಅನ್ನುವ ತನಕ ಹೀರಿ ಎಲ್ಬಿಯಾಳಿಗೆ ಕೊಟ್ಟರು. ಅವಳು ನೀರು ಸುರಿದು ದಾರ್ದೊನಿಗೆ ಕೊಟ್ಟಳು. ದಾರ್ದೊ ಬುರುಡೆ ತೆಗೆದುಕೊಂಡ, ಜೇಬಿನಿಂದ ಕರವಸ್ತ್ರ ತೆಗೆದ, ಕೊಳವೆಯನ್ನು ಒರೆಸಿದ. ಬೇಕೆಂದು ಮಾಡಿದ್ದಲ್ಲ, ಕೈ ತಾನೇ ಮಾಡಿಬಿಟ್ಟಿತು. ಒರೆಸಿದ ಮೇಲೆ ತಾನೇನು ಮಾಡಿದೆ ಎಂದು ತಿಳಿದು ಅವನ ಮುಖ ಕಪ್ಪಿಟ್ಟಿತು.

ಎಲ್ಬಿಯಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಒಳಗೆ ಅರ್ಧಕ್ಕಿಂತ ಹೆಚ್ಚು ನೀರಿತ್ತು. ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಮುಚ್ಚಳ ಬಿದ್ದಿತೆಂದರೆ ಮಾತು ಮುಗಿದ ಹಾಗೆ. ಎಂಟನೆಯ ತಟ್ಟೆ ಏನೆಂದು ಯಾರೂ ಕೇಳಲಿಲ್ಲ, ಮೈತೆ ಪರದೆಯ ಮುಂದೆ ಹಾಗೇ ನಿಂತಿದ್ದಳು.

ಮುಂದಿನ ವಾರ ಬಾಗಿಲಿಗೆ ಒಂದು ಸೂಚನೆ ಅಂಟಿತು: ಅವರವರ ಮಾಟೆ ಅವರವರೇ ತರತಕ್ಕದ್ದು. ತಂದರು. ಬಗಲಲ್ಲೊಂದು ಫ್ಲಾಸ್ಕು, ಕೈಯಲ್ಲೊಂದು ಬುರುಡೆ. ಒಬ್ಬ ಮಾತಾಡುತ್ತಿದ್ದರೆ ಇಪ್ಪತ್ತು ಕಡೆಯಿಂದ ಗೊರಗೊರ. ಮಾತು ಯಾವಾಗ ಮುಗಿಯಬೇಕೆಂದು ಯಾರಿಗೂ ಗೊತ್ತಾಗದೆ, ದಾರ್ದೊನ ಕಪ್ಪೆ ಕತ್ತಲಾಗುವವರೆಗೂ ಬದುಕತೊಡಗಿತು. ಇವೆಲ್ಲ ಎಲ್ಬಿಯಾಳಿಗೆ ಬೇರೆಯವರ ಬಾಯಿಂದ ತಿಳಿದದ್ದು. ಅವಳು ಗುರುವಾರ ಸಂಜೆ ಪ್ರಯೋಗಾಲಯದಲ್ಲೇ ಕೂತು ಮೇಣ ಹೆರೆಯುತ್ತಿದ್ದಳು. ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿದಾಗ ಬ್ಲೇಡು ಒಂದು ಕ್ಷಣ ನಿಲ್ಲುತ್ತಿತ್ತು.

ಮೈತೆ ತೊಳೆಯುವ ಕೋಣೆಗೆ ಬಂದು ಬಾಗಿಲಲ್ಲಿ ನಿಂತಳು.

"ಹೇಳಿ ದೊತೋರಾ, ಏನು ಬೇಕಿತ್ತು?" ಎಂದಳು ಎಲ್ಬಿಯಾ, ಗಾಜಿನಿಂದ ಕಣ್ಣೆತ್ತದೆ.

"ದೊತೋರಾ ಯಾಕಂತೀರಿ? ನಾನು ಮೈತೆ."

"ಓದಿದೋರನ್ನ ಹಾಗೆ ಕರೀಬೇಕಲ್ವಾ? ನಮ್ಮಂಥ ಕೊಳಕು ಬಾಯಿಯೋರಿಗೆ ಅಷ್ಟಾದ್ರೂ ಮರ್ಯಾದೆ ಗೊತ್ತಿದೆ."

"ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ ದೊನ್ಯಾ ಎಲ್ಬಿಯಾ. ದೇವರಾಣೆ."

"ಗೊತ್ತಿರಲಿಲ್ಲ ಅಂತ ನಂಗೂ ಗೊತ್ತು. ಗಾಜು ಒಣಗಬೇಕು, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ."

ಬೈದಿದ್ದರೆ ಹುಡುಗಿಗೆ ಅಷ್ಟು ನೋವಾಗುತ್ತಿರಲಿಲ್ಲ. ಆ 'ನಿಂತ್ಕೊಳ್ಳಿ' ಅವಳಿಗೆ ಚುಚ್ಚಿತು. ಅವಳು ಹೋದ ಮೇಲೆ ಎಲ್ಬಿಯಾ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ತಪ್ಪು ಹುಡುಗಿಯದಲ್ಲ ಎಂದು ತಿಳಿದಿದ್ದರೂ ಮನಸ್ಸು ಮೆತ್ತಗಾಗಲಿಲ್ಲ.

ಸ್ವಲ್ಪ ದಿನ ಬಿಟ್ಟು ಮೈತೆ ಮತ್ತೆ ಬಂದಳು. ಜೊತೆಯಲ್ಲಿ ಆ ಉದ್ದನೆಯ ಹುಡುಗ, ಅವನ ಕೈಯಲ್ಲಿ ಪುಟ್ಟ ಗಾಜಿನ ಕೊಳವೆಗಳ ಪೆಟ್ಟಿಗೆ. ವಿಭಾಗದವರೆಲ್ಲರ ಎಂಜಲು ಸಂಗ್ರಹಿಸುತ್ತಿದ್ದೇವೆ, ಪ್ರೊಫೆಯೂ ಕೊಟ್ಟಿದ್ದಾರೆ, ಕೆಳಗಿನ ಹಣಕಾಸು ಕಚೇರಿಯವರೂ ಕೊಟ್ಟಿದ್ದಾರೆ, ನಿಮ್ಮದೂ ಬೇಕು ಎಂದಳು.

"ತಪ್ಪಿತಸ್ಥೆ ಯಾರು ಅಂತ ಪತ್ತೆ ಹಚ್ಚಬೇಕಾ? ತಗೊಳ್ಳಿ" ಎಂದು ಎಲ್ಬಿಯಾ ಉಗಿದು ಕೊಟ್ಟಳು. ಹುಡುಗ ಅದಕ್ಕೆ ಹದಿನಾಲ್ಕು ಎಂಬ ಚೀಟಿ ಅಂಟಿಸುವಾಗ ಮೈತೆ ಬೆನ್ನು ತಿರುಗಿಸಿ ನಿಂತಿದ್ದಳು.

ವಸಂತ ಬಂತು, ಬೀದಿಯ ಮರಗಳ ಹತ್ತಿಯಂಥ ಧೂಳಿಗೆ ಊರೆಲ್ಲ ಸೀನತೊಡಗಿತು. ಒಂದು ಗುರುವಾರ ಎಲ್ಬಿಯಾ ಮೇಣ ಕರಗಿಸುತ್ತಿದ್ದಾಗ ದಾರ್ದೊ ಬಾಗಿಲಿಗೆ ಬಂದ. ಆ ದಿನದಿಂದ ಅವನು ಅವಳ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದ.

"ಮೇಲೆ ಬಾ ಎಲ್ಬಿಯಾ. ನೀನು ಬರೋವರೆಗೂ ಮೈತೆ ಶುರು ಮಾಡಲ್ವಂತೆ. ಪ್ರೊಫೆ ಕೂತಲ್ಲೇ ಬೈತಿದ್ದಾರೆ."

"ಯಾರನ್ನ?"

"ಎಲ್ಲರನ್ನೂ. ನನ್ನನ್ನ ಸ್ವಲ್ಪ ಜಾಸ್ತಿ."

ಎಲ್ಬಿಯಾ ಕೈ ಒರೆಸಿಕೊಂಡಳು. ಇವತ್ತು ಎಲ್ಲರೆದುರು ತನ್ನ ಹೆಸರು ಹೇಳುತ್ತಾರೆ, ರೋಗದ ಬೇರು ಇವಳೇ ಎಂದು ತೋರಿಸುತ್ತಾರೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ. ಹೋದಳು. ಪ್ರೊಜೆಕ್ಟರಿನ ಪಕ್ಕದಲ್ಲಿ ಅವಳ ಮರದ ಕುರ್ಚಿ ಹಾಗೇ ಇತ್ತು. ಹಾಲು ತುಂಬಿ ಹುಡುಗರು ಗೋಡೆಗೊರಗಿ ನಿಂತಿದ್ದರೂ ಅದರಲ್ಲಿ ಯಾರೂ ಕೂತಿರಲಿಲ್ಲ. ಅವಳೂ ಕೂರಲಿಲ್ಲ. "ಬೈಸ್ಕೊಳ್ಳೋದಾದ್ರೆ ನಿಂತೇ ಬೈಸ್ಕೋತೀನಿ" ಎಂದು ಬಾಗಿಲ ಹತ್ತಿರವೇ ನಿಂತಳು.

ಮೈತೆ ಮೊದಲ ದಿನದ ಹಾಗೆ ಒಂದೇ ಉಸಿರಿಗೆ ಶುರು ಮಾಡಿದಳು. ಪರದೆಯ ಮೇಲೆ ನಂಬರುಗಳು, ಒಂದೊಂದು ನಂಬರಿನ ಕೆಳಗೂ ಪಟ್ಟೆಗಳ ಸಾಲು.

"ಇವು ನಮ್ಮ ಬಾಯಲ್ಲಿರೋ ಜೀವಿಗಳು, ಒಂದು ಪಟ್ಟೆ ಅಂದ್ರೆ ಒಂದು ಜಾತಿ. ಯಾರಿಗೂ ಏನೂ ಕೆಡುಕು ಮಾಡಿಲ್ಲ, ಎಲ್ಲರ ಬಾಯಲ್ಲೂ ಇಂಥವು ಇರ್ತವೆ. ಆದ್ರೆ ಒಬ್ಬೊಬ್ಬರದ್ದು ಒಂದೊಂದು ಥರ ಇರಬೇಕು. ಕೆಳಗಿನ ಕಚೇರಿಯೋರದ್ದು ನೋಡಿ, ಒಂದಕ್ಕೊಂದು ಸಂಬಂಧನೇ ಇಲ್ಲ. ಈಗ ಗುರುವಾರದೋರದ್ದು ನೋಡಿ."

ಪಟ್ಟೆಗಳು ಸಾಲಾಗಿ ಬಂದವು. ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ. ಈ ವರ್ಷ ಸೇರಿದ ಹುಡುಗರಲ್ಲಿ ಮಾತ್ರ ಬೇರೆ. ಹಾಲಿನಲ್ಲಿ ಕೂತ ವರ್ಷ ಹೆಚ್ಚಾದಷ್ಟೂ ಹೋಲಿಕೆ ಹೆಚ್ಚು.

"ಇಷ್ಟು ಹೋಲಿಕೆ ನಾನು ಒಂದೇ ಕಡೆ ನೋಡಿರೋದು," ಎಂದಳು ಮೈತೆ. "ಒಂದೇ ಮನೆಯೋರಲ್ಲಿ. ತಾಯಿಯಿಂದ ಮಕ್ಕಳಿಗೆ ಬಂದಿರುತ್ತಲ್ಲ, ಹಾಗೆ. ಇಲ್ಲೂ ಒಂದು ಕಡೆಯಿಂದ ಬಂದಿದೆ. ಒಂದು ನಂಬರಿನಲ್ಲಿ ಮಾತ್ರ ಎಲ್ಲಾ ಪಟ್ಟೆಗಳೂ ಇವೆ, ಉಳಿದೋರಿಗೆಲ್ಲ ಅದರಿಂದಾನೇ ಹಂಚಿಕೆ ಆಗಿದೆ. ಯಾರದ್ದು ಅಂತ ನಾನು ನೋಡಿಲ್ಲ. ಹದಿನಾಲ್ಕು ಯಾರದ್ದು?"

ಎಲ್ಬಿಯಾ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಗುರುವಾರದಿಂದ ಗುರುವಾರಕ್ಕೆ, ಆ ಕಹಿ ಮೊದಲ ಬುರುಡೆಯನ್ನು ಕುಡಿದು ಕೊಳವೆಯನ್ನು ಇವರಿಗೆಲ್ಲ ದಾಟಿಸಿದ್ದು ಅವಳೇ.

"ನಂದು" ಎಂದಳು, ತಪ್ಪು ಒಪ್ಪಿಕೊಂಡವಳ ಹಾಗೆ.

ಇರುರೆತಾ ತಮ್ಮ ಕೋಲೂರಿಕೊಂಡು ಎದ್ದರು. "ಥೂ, ಇದನ್ನ ಕಂಡುಹಿಡಿಯೋಕೆ ಇಷ್ಟು ತಿಂಗಳು ಬೇಕಿತ್ತಾ? ನನ್ನ ಕೇಳಿದ್ರೆ ಅವತ್ತೇ ಹೇಳ್ತಿದ್ದೆ, ಈ ಮನೆಗೆ ಯಜಮಾನಿ ಯಾರು ಅಂತ. ಎಲ್ಬಿಟಾ, ಆ ಕುರ್ಚಿ ನಿಂಗಾಗಿ ಕಾದು ಕಾದು ಸವೀತಿದೆ, ಬಂದು ಕೂತ್ಕೋ."

"ಅದಕ್ಕೇ ನನ್ನ ಹೆಂಡತಿ ಅಂತಾಳೆ, ನೀನು ದನ ಕಾಯೋ ತಾಕ್ವಾರೆಂಬೊದೋರ ಥರ ಬೈತೀಯಾ ಅಂತ" ಎಂದ ದಾರ್ದೊ. ಹಾಲು ನಕ್ಕಿತು. ಎಲ್ಬಿಯಾಳಿಗೆ ಅಳು ಬಂತು. ಇಷ್ಟು ವರ್ಷ ತನಗೆ ಯಾರೂ ಇಲ್ಲ ಎಂದುಕೊಂಡೇ ಅವಳು ರಾತ್ರಿ ರೇಡಿಯೋ ಆರಿಸುತ್ತಿದ್ದಳು. ಅವಳು ಬಂದು ಕುರ್ಚಿಯಲ್ಲಿ ಕೂತಳು.

ನಗು ನಿಂತ ಮೇಲೆ ದಾರ್ದೊ ತನ್ನ ಬುರುಡೆಗೆ ಪುಡಿ ಹಾಕಿ, ಫ್ಲಾಸ್ಕು ಬಗ್ಗಿಸಿದ. ಮೊದಲನೆಯದನ್ನು ತಾನೇ ಕುಡಿದ. ಕಹಿಗೆ ಅವನ ಮುಖ ಕಿವುಚಿತು. ಎರಡನೆಯದನ್ನು ತುಂಬಿಸಿ, ಎದ್ದು ಬಂದು ಎಲ್ಬಿಯಾಳ ಮುಂದೆ ಹಿಡಿದ. ಕೊಳವೆಯ ತುದಿ ಇನ್ನೂ ಒದ್ದೆಯಾಗಿತ್ತು. ಕ್ಷಮಿಸು ಎಂದು ಹೇಳುವುದಕ್ಕೆ ಅವನಿಗೆ ಬಾಯಿ ಬರಲಿಲ್ಲ, ಊರೆಲ್ಲ ಮಾತಾಡುವವನಿಗೆ. ಎಲ್ಬಿಯಾಳ ಕೈ ಏಪ್ರನ್ನಿನ ಅಂಚಿನ ಮೇಲಿತ್ತು, ಎಲ್ಲರ ಕಣ್ಣೂ ಆ ಕೈಯ ಮೇಲಿತ್ತು.

ಅವಳು ಒರೆಸಲಿಲ್ಲ. ಬುರುಡೆ ತೆಗೆದುಕೊಂಡು, ಗೊರಗೊರ ಅನ್ನುವ ತನಕ ಹೀರಿದಳು. ಆಮೇಲೆ ದಾರ್ದೊನ ಕೈಯಿಂದ ಫ್ಲಾಸ್ಕು ಕಿತ್ತುಕೊಂಡು, ಅಲ್ಲಾಡಿಸಿ ನೋಡಿ, ಪರದೆಯ ಪಕ್ಕ ನಿಂತಿದ್ದ ಹುಡುಗಿಯ ಕಡೆ ತಿರುಗಿದಳು.

"ಯಾಕೇ ಸುಮ್ನೆ ನಿಂತೆ? ಫ್ಲಾಸ್ಕ್ ತುಂಬಾ ನೀರಿದೆ ಕಣೇ. ಮೊದಲಿಂದ ಹೇಳು."

ಮೈತೆ ಕಣ್ಣೊರೆಸಿಕೊಂಡು, ಮೊದಲಿಂದ ಹೇಳತೊಡಗಿದಳು.